ಖಾಲಿ ಮನೆಗೆ ಟಿಕ್ ಬಿದ್ದ ಕಥೆ

ಮೊದಲೇ ಹೇಳಿಬಿಡ್ತೀವಿ, ನಮ್ಮ ಕನ್ನಡ ಅಷ್ಟಕ್ಕಷ್ಟೇ. ನಾವು ಮೂವರೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಒಂದು ಪುಟಕ್ಕಿಂತ ಹೆಚ್ಚು ಬರೆದದ್ದು ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲೇ ಕೊನೆ. ಕನ್ನಡ ಸಂಘದ ಸೀನಿಯರ್ ಒಬ್ಬರು 'ನಿಮ್ಮ ಚೆಕ್‌ಬಾಕ್ಸ್ ಕಥೆ ಬರೀರಿ, ತಪ್ಪಿದ್ರೆ ತಿದ್ದೋಣ' ಅಂದಿದ್ದಕ್ಕೆ ಧೈರ್ಯ ಮಾಡಿದ್ದೇವೆ. ಇಲ್ಲಿ 'ನಾವು' ಅಂದರೆ ಹಾಸ್ಟೆಲ್‌ನ ಒಂದೇ ರೂಮಿನ ಮೂವರು. ಒಬ್ಬ ಬೆಂಗಳೂರಿನವ, ಒಬ್ಬ ಹಾಸನದವ, ಒಬ್ಬ ಯಾದಗಿರಿ ಜಿಲ್ಲೆಯ ರಾಮಸಮುದ್ರದವ. ಯಾವ ತಪ್ಪು ಯಾರು ಮಾಡಿದ್ದು ಅಂತ ಹೇಳಲ್ಲ. ಗಿಟ್ ಬ್ಲೇಮ್ ಹೊಡೆದ್ರೆ ಗೊತ್ತಾಗುತ್ತೆ, ಆದ್ರೆ ಪಾಸ್‌ವರ್ಡ್ ಕೊಡಲ್ಲ.

ಕಥೆ ಶುರುವಾಗಿದ್ದು ಇಂಟರ್ನಲ್ಸ್ ಹಿಂದಿನ ವಾರ. ಓದೋಕೆ ಕೂರುವ ಬದಲು ಓದೋದನ್ನ ಟ್ರ್ಯಾಕ್ ಮಾಡೋಕೆ ಒಂದು ವೆಬ್ ಪೇಜ್ ಮಾಡೋಣ ಅಂತ ಕೂತ್ವಿ. (ನಗಬೇಡಿ, ನೀವೂ ಮಾಡಿರ್ತೀರಿ.) ಒಂದು ಸಬ್ಜೆಕ್ಟ್, ಅದರ ಕೆಳಗೆ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲ್ ಕೆಳಗೆ ಟಾಪಿಕ್‌ಗಳು. ಎಲ್ಲದಕ್ಕೂ ಒಂದೊಂದು ಚೆಕ್‌ಬಾಕ್ಸ್. ಟಾಪಿಕ್ ಎಲ್ಲಾ ಮುಗಿದ್ರೆ ಮಾಡ್ಯೂಲ್‌ಗೆ ತಾನೇ ಟಿಕ್ ಬೀಳಬೇಕು, ಮಾಡ್ಯೂಲ್ ಎಲ್ಲಾ ಮುಗಿದ್ರೆ ಸಬ್ಜೆಕ್ಟ್‌ಗೆ. ಒಂದರೊಳಗೆ ಒಂದು ಇರುವ ಚೆಕ್‌ಬಾಕ್ಸ್ ಪಟ್ಟಿ ಅಂದರೆ ಇದೇ. ನೋಡೋಕೆ ಒಂದು ಗಂಟೆ ಕೆಲಸ. ನಮಗೆ ಹಿಡಿದದ್ದು ನಾಲ್ಕು ರಾತ್ರಿ.

ನಿಯಮ ಎರಡೇ. ಮೊದಲನೆಯದು ಮೇಲಿಂದ ಕೆಳಗೆ: ತಾಯಿ ಬಾಕ್ಸ್ ಒತ್ತಿದರೆ ಒಳಗಿನ ಮಕ್ಕಳು, ಮೊಮ್ಮಕ್ಕಳು ಎಲ್ಲಾ ಅದೇ ತರ ಆಗಬೇಕು. ಎರಡನೆಯದು ಕೆಳಗಿಂದ ಮೇಲೆ: ಮಗು ಬದಲಾದರೆ ತಾಯಿ ತನ್ನ ಮಕ್ಕಳನ್ನೆಲ್ಲ ನೋಡಿ ತಾನು ಏನಾಗಬೇಕು ಅಂತ ಲೆಕ್ಕ ಹಾಕಬೇಕು. ಎಲ್ಲರಿಗೂ ಟಿಕ್ ಇದ್ದರೆ ತನಗೂ ಟಿಕ್. ಯಾರಿಗೂ ಇಲ್ಲದಿದ್ದರೆ ಖಾಲಿ. ಕೆಲವರಿಗೆ ಇದೆ, ಕೆಲವರಿಗೆ ಇಲ್ಲ ಅಂದರೆ? ಆಗ ಬಾಕ್ಸ್ ಒಳಗೆ ಒಂದು ಸಣ್ಣ ಅಡ್ಡಗೆರೆ. ಇದರ ಹೆಸರು ಇನ್‌ಡಿಟರ್ಮಿನೇಟ್. ನಾವು ರೂಮಲ್ಲಿ ಅದಕ್ಕೆ 'ಅರ್ಧಂಬರ್ಧ' ಅಂತ ಕರೆಯೋದು.

ಈ ಅರ್ಧಂಬರ್ಧ ವಿಚಿತ್ರ ಪ್ರಾಣಿ. ಎಚ್‌ಟಿಎಂಎಲ್‌ನಲ್ಲಿ ಇದನ್ನು ಬರೆಯೋಕೇ ಆಗಲ್ಲ. ಟಿಕ್ ಹಾಕಿ ಇಡು ಅಂತ ಹೇಳೋಕೆ ಆಟ್ರಿಬ್ಯೂಟ್ ಇದೆ, ಅಡ್ಡಗೆರೆ ಹಾಕು ಅನ್ನೋಕೆ ಇಲ್ಲ. ಜಾವಾಸ್ಕ್ರಿಪ್ಟ್‌ನಿಂದಲೇ ಹಾಕಬೇಕು. ಹಾಕಿದರೂ ಅದು ಬರೀ ಮುಖದ ಬಣ್ಣ. ಒಳಗೆ ಬಾಕ್ಸ್ ಇನ್ನೂ ಟಿಕ್ ಅಥವಾ ಟಿಕ್ ಅಲ್ಲ, ಎರಡರಲ್ಲಿ ಒಂದೇ ಆಗಿರುತ್ತೆ. ಫಾರ್ಮ್ ಸಬ್ಮಿಟ್ ಮಾಡಿದರೆ ಅಡ್ಡಗೆರೆ ಸರ್ವರ್‌ಗೆ ಹೋಗೋದೇ ಇಲ್ಲ.

ನಾವು ಬಿದ್ದ ಗುಂಡಿಗಳನ್ನು ಹೇಳ್ತೀವಿ, ನಿಮ್ಮ ನಾಲ್ಕು ರಾತ್ರಿ ಉಳಿಯಲಿ.

ಒಂದು. ಪ್ರತಿ ಬಾಕ್ಸ್‌ಗೂ ಒಂದೊಂದು ಲಿಸನರ್ ಕಟ್ಟಬೇಡಿ. ಚೇಂಜ್ ಅನ್ನುವ ಈವೆಂಟ್ ಮಗುವಿನಿಂದ ಮೇಲಕ್ಕೆ ಗುಳ್ಳೆ ಥರ ಏರಿ ಬರುತ್ತೆ. ಇಡೀ ಪಟ್ಟಿಯ ತುದಿಯಲ್ಲಿ ಒಂದೇ ಲಿಸನರ್ ಕಾದು ಕೂತರೆ ಸಾಕು, ಆಮೇಲೆ ಸೇರಿಸಿದ ಬಾಕ್ಸ್‌ಗಳಿಗೂ ಅದೇ ಕೆಲಸ ಮಾಡುತ್ತೆ.

ಎರಡು. ಕೋಡ್‌ನಿಂದ ಟಿಕ್ ಹಾಕಿದರೆ ಚೇಂಜ್ ಈವೆಂಟ್ ಹುಟ್ಟಲ್ಲ. ಬೆರಳಿನಿಂದ ಒತ್ತಿದಾಗ ಮಾತ್ರ ಹುಟ್ಟುತ್ತೆ. ಮಾಡ್ಯೂಲ್ ಒತ್ತಿದಾಗ ಕೆಳಗಿನ ಟಾಪಿಕ್‌ಗಳಿಗೆಲ್ಲ ಟಿಕ್ ಬಂತು ಅಂತ ಖುಷಿಪಟ್ವಿ. ಆದರೆ ನಮ್ಮ ಸೇವ್ ಮಾಡುವ ಕೋಡ್ ಈವೆಂಟ್‌ಗೆ ಕಾಯ್ತಾ ಕೂತಿತ್ತು. ರಿಫ್ರೆಶ್ ಮಾಡಿದರೆ ಟಾಪಿಕ್‌ಗಳು ಮತ್ತೆ ಖಾಲಿ.

ಮೂರು. ಲೋಕಲ್ ಸ್ಟೋರೇಜ್‌ನಲ್ಲಿ ಏನು ಇಟ್ಟರೂ ಅದು ಸ್ಟ್ರಿಂಗ್ ಆಗುತ್ತೆ. 'ಫಾಲ್ಸ್' ಅನ್ನೋ ಪದ ವಾಪಸ್ ಬಂದಾಗ ಅದು ಸುಳ್ಳಲ್ಲ, ಐದು ಅಕ್ಷರದ ಒಂದು ಪದ. ಖಾಲಿಯಲ್ಲದ ಸ್ಟ್ರಿಂಗ್ ಎಲ್ಲವೂ ಜಾವಾಸ್ಕ್ರಿಪ್ಟ್‌ಗೆ ಸತ್ಯ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಇಡೀ ಸೆಮಿಸ್ಟರ್ ಓದಿ ಮುಗಿದಿತ್ತು.

ನಾಲ್ಕು. ತಾಯಿಯ ಲೆಕ್ಕಕ್ಕೆ ಪಕ್ಕದ ಒಂದು ಮೆಟ್ಟಿಲು ಮಾತ್ರ ನೋಡಬೇಡಿ. ಐದು ಮಾಡ್ಯೂಲ್‌ಗಳೂ ಅರ್ಧಂಬರ್ಧ ಇದ್ದಾಗ ನಮ್ಮ ಸಬ್ಜೆಕ್ಟ್ ಬಾಕ್ಸ್ ಖಾಲಿ ತೋರಿಸ್ತಿತ್ತು. ಯಾಕಂದರೆ ಅಡ್ಡಗೆರೆ ಇದ್ದ ಮಾಡ್ಯೂಲ್ ಒಳಗಡೆ 'ಟಿಕ್ ಅಲ್ಲ' ಅಂತಲೇ ಇರುತ್ತೆ. ಎಣಿಸಿದರೆ ಟಿಕ್ ಸೊನ್ನೆ. ಸರಿ ದಾರಿ ಅಂದರೆ ಯಾವ ಮೆಟ್ಟಿಲಲ್ಲಿದ್ದರೂ ಕಟ್ಟಕಡೆಯ ಎಲೆಗಳನ್ನೇ ಎಣಿಸೋದು. ನಡುವಿನ ಬಾಕ್ಸ್‌ಗಳ ಸ್ಥಿತಿಯನ್ನು ಉಳಿಸಿ ಇಡೋದೂ ಬೇಡ. ಎಲೆಗಳನ್ನು ಮಾತ್ರ ಉಳಿಸಿ, ಉಳಿದದ್ದನ್ನು ಪ್ರತಿ ಸಲ ಲೆಕ್ಕ ಹಾಕಿ.

ಐದನೆಯದೂ ಒಂದಿತ್ತು. ಒಂದು ಸಬ್ಜೆಕ್ಟ್‌ಗೆ ಇನ್ನೂ ಟಾಪಿಕ್ ಟೈಪ್ ಮಾಡಿರಲಿಲ್ಲ, ಬರೀ ಹೆಸರು ಹಾಕಿದ್ವಿ. ಅದಕ್ಕೆ ಟಿಕ್ ಬಿದ್ದಿತ್ತು. ಒಂದು ಅಕ್ಷರ ಓದದೇ ಪೂರ್ತಿ ಟಿಕ್! ಯಾಕೆ ಅಂತ ನೋಡಿದ್ವಿ. 'ಎಲ್ಲಾ ಮಕ್ಕಳಿಗೂ ಟಿಕ್ ಇದೆಯಾ?' ಅಂತ ಕೇಳೋಕೆ ನಾವು ಬಳಸಿದ್ದು ಅರೇ ಮೇಲಿನ ಎವ್ರಿ ಅನ್ನುವ ಮೆಥಡ್. ಖಾಲಿ ಅರೇ ಮೇಲೆ ಅದನ್ನು ಕರೆದರೆ ಉತ್ತರ 'ಟ್ರೂ'. ಡಿಸ್ಕ್ರೀಟ್ ಮ್ಯಾಥ್ಸ್ ಕ್ಲಾಸಲ್ಲಿ ಎಚ್ಚರ ಇದ್ದವರಿಗೆ ನೆನಪಿರಬಹುದು: ಇಲ್ಲದವರ ಬಗ್ಗೆ 'ಎಲ್ಲರೂ ಹೀಗೆ' ಅಂತ ಏನು ಹೇಳಿದರೂ ತರ್ಕದ ಪ್ರಕಾರ ಅದು ಸತ್ಯ. ನಮ್ಮ ರೂಮಲ್ಲಿ ಆನೆ ಇಲ್ಲ, ಹಾಗಾಗಿ ರೂಮಲ್ಲಿರುವ ಆನೆಗಳೆಲ್ಲ ಗುಲಾಬಿ ಬಣ್ಣದವು. ನಾವು ನಕ್ಕು ನಕ್ಕು ಸುಸ್ತಾಗಿ, 'ಇದು ಬಗ್ ಅಲ್ಲ, ಆಶೀರ್ವಾದ' ಅಂತ ಹೇಳಿ ಹಾಗೇ ಬಿಟ್ವಿ. ಈ ಬರಹ ಇರೋದೇ ಆ ಬಿಟ್ಟಿದ್ದಕ್ಕೆ.

ರಾಮಸಮುದ್ರದವನ ಚಿಕ್ಕಮ್ಮ ಊರಲ್ಲಿ ಆಶಾ ಕಾರ್ಯಕರ್ತೆ. ಇವನು ವಿಡಿಯೊ ಕಾಲ್‌ನಲ್ಲಿ ಪೇಜ್ ತೋರಿಸಿದ. ಅವರಿಗೆ ಮಾಡ್ಯೂಲ್, ಟಾಪಿಕ್ ಏನೂ ಬೇಕಿರಲಿಲ್ಲ, ಆದರೆ ಪಟ್ಟಿ ನೋಡಿದ ತಕ್ಷಣ ಅರ್ಥ ಆಯ್ತು. 'ಹಿಂಗಾದ್ರ ನಮ್ಮ ಪೋಲಿಯೊ ಪಟ್ಟೀನೂ ಹಿಂಗೇ ಅದ ನೋಡಪಾ. ಓಣಿ, ಓಣ್ಯಾಗ ಮನಿ, ಮನ್ಯಾಗ ಕೂಸು. ನನಗೊಂದು ಮಾಡ್ಕೊಡ್ರಿ, ರಾತ್ರಿ ಕುಂತು ಎಣಸಾದು ತಪ್ತದ' ಅಂದರು. ಪರೀಕ್ಷೆ ಮುಗಿದು ರಜೆ ಬರುವ ಹೊತ್ತಿಗೆ ಪಲ್ಸ್ ಪೋಲಿಯೊ ಭಾನುವಾರವೂ ಬರುವುದಿತ್ತು. ಸಬ್ಜೆಕ್ಟ್ ಇದ್ದಲ್ಲಿ ಓಣಿ ಹಾಕಿದ್ವಿ, ಮಾಡ್ಯೂಲ್ ಇದ್ದಲ್ಲಿ ಮನೆ, ಟಾಪಿಕ್ ಇದ್ದಲ್ಲಿ ಕೂಸು. ಕೋಡ್‌ನ ಒಂದು ಸಾಲೂ ಬದಲಿಸಲಿಲ್ಲ. ಅದನ್ನೇ ಹೆಮ್ಮೆಯಿಂದ ಹೇಳ್ಕೊಂಡು ಮೂವರೂ ರೈಲು ಹತ್ತಿದ್ವಿ.

ರೈಲಲ್ಲಿ ಇನ್ನೊಂದು ದೊಡ್ಡ ಕನಸು ಕಂಡ್ವಿ. ಓಣಿ ಮೇಲೆ ಊರು, ಊರ ಮೇಲೆ ತಾಲ್ಲೂಕು, ತಾಲ್ಲೂಕಿನ ಮೇಲೆ ಜಿಲ್ಲೆ. ಯಾದಗಿರಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆ ಆದಾಗ ಇದ್ದದ್ದು ಯಾದಗಿರಿ, ಶಹಾಪುರ, ಸುರಪುರ ಅಂತ ಮೂರೇ ತಾಲ್ಲೂಕು. ಆಮೇಲೆ ಗುರುಮಠಕಲ್, ಹುಣಸಗಿ, ವಡಗೇರಾ ಸೇರಿ ಆರಾದವು. ಮರದ ಕೊಂಬೆ ಹೀಗೆ ಒಡೆದರೂ ನಮ್ಮ ಕೋಡ್ ಒಡೆಯಲ್ಲ, ರಿಕರ್ಷನ್ ಇದೆ ಅಂತ ಜಂಬ. ಯಾದಗಿರಿ ಸ್ಟೇಷನ್‌ನಲ್ಲಿ ಇಳಿದು, ಬೆಟ್ಟದ ಮೇಲಿನ ಕೋಟೆ ನೋಡ್ತಾ ಬಸ್ ಹಿಡಿದ್ವಿ. ಹಾಸನದವನು ಮೊದಲ ಸಲ ಅಷ್ಟು ತೊಗರಿ ಹೊಲ ನೋಡಿ, 'ನಮ್ಮ ಸಾಂಬಾರ್ ಇಲ್ಲಿಂದ ಬರುತ್ತಾ?' ಅಂತ ಕೇಳಿದ. 'ನಿಮ್ಮ ಸಾಂಬಾರೂ ಇಲ್ಲಿಂದ, ನಿಮ್ಮ ಬೆಂಗಳೂರಿನ ಬಿಲ್ಡಿಂಗ್ ಕಟ್ಟೋರೂ ಇಲ್ಲಿಂದ' ಅಂದ ರಾಮಸಮುದ್ರದವ. ನಾವು ಅದನ್ನು ಜೋಕ್ ಅಂದ್ಕೊಂಡ್ವಿ.

ಚಿಕ್ಕಮ್ಮ ಮೊದಲು ಮಾಡಿದ ಕೆಲಸ ಅಂದರೆ ಫೋನ್ ನೋಡಿ ಹೆಸರುಗಳನ್ನೆಲ್ಲ ತೆಗೆಸಿದ್ದು. 'ಮಂದಿ ಕೂಸುಗಳ ಹೆಸರು ನಿಮ್ಮ ಕಂಪ್ಯೂಟರ್‌ನಾಗ ಯಾಕ? ಮನಿ ನಂಬರ್ ಹಾಕ್ರಿ, ಕೂಸು ಒಂದು, ಕೂಸು ಎರಡು ಅನ್ರಿ, ಸಾಕು.' ಡೇಟಾ ಪ್ರೈವೆಸಿ ಬಗ್ಗೆ ನಾವು ಒಂದು ಸೆಮಿನಾರ್ ಕೊಟ್ಟಿದ್ವಿ. ಅದರಲ್ಲಿ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಎರಡನೇ ಮಾತು: 'ನಿಮ್ಮದು ನಿಮ್ಮದು, ನನ್ನ ರಿಜಿಸ್ಟರ್ ನಾ ಬಿಡಾಂಗಿಲ್ಲ.' ಅಂದರೆ ನಮ್ಮ ಪೇಜ್ ಟ್ರಯಲ್‌ಗೆ ಮಾತ್ರ.

ಪೋಲಿಯೊ ಬಗ್ಗೆ ನಮಗೆ ಗೊತ್ತಿದ್ದದ್ದು 'ಎರಡು ಹನಿ' ಜಾಹೀರಾತು ಮಾತ್ರ. ಭಾರತದಲ್ಲಿ ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಲ್ಲಿ. ಕೊನೆಯ ವೈಲ್ಡ್ ಪೋಲಿಯೊ ಕೇಸ್ ಸಿಕ್ಕಿದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಮೂರು ವರ್ಷ ಒಂದೂ ಕೇಸ್ ಇಲ್ಲ ಅಂತ ಖಾತ್ರಿಯಾದ ಮೇಲೆ 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಪ್ರದೇಶಕ್ಕೆ, ಭಾರತವೂ ಸೇರಿ, ಪೋಲಿಯೊಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿತು. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ವೈರಸ್ ಇನ್ನೂ ಪೂರ್ತಿ ಹೋಗಿಲ್ಲ, ಅದಕ್ಕೇ ನಮ್ಮಲ್ಲಿ ಹನಿ ಹಾಕೋದು ನಿಲ್ಲಿಸಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ದೇಶ ಅನ್ನುವ ತುದಿಯ ಬಾಕ್ಸ್‌ಗೆ ಯಾರೋ ದೆಹಲಿಯಲ್ಲಿ ಕೂತು ಟಿಕ್ ಹಾಕಿದ್ದಲ್ಲ. ಕೆಳಗಿನ ಎಲೆಗಳಿಂದ ಲೆಕ್ಕ ಹಾಕುತ್ತಾ ಬಂದ ಟಿಕ್ ಅದು.

ಭಾನುವಾರ ಬೂತ್. ಐದು ವರ್ಷದೊಳಗಿನ ಮಕ್ಕಳು ಬಂದು ಬಾಯಿ ತೆರೆಯೋದು, ಎರಡು ಹನಿ, ಎಡಗೈ ಕಿರುಬೆರಳಿನ ಉಗುರಿಗೆ ಮಾರ್ಕರ್. ಲಸಿಕೆ ಬಾಟಲಿ ಮೇಲೆ ಒಂದು ಸಣ್ಣ ಚಿತ್ರ ನೋಡಿದ್ವಿ: ಒಂದು ವೃತ್ತ, ಅದರೊಳಗೆ ತಿಳಿ ಬಣ್ಣದ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗ್ತಾ ಹೋಗುತ್ತೆ. ಸುತ್ತಲಿನ ವೃತ್ತದಷ್ಟೇ ಕಪ್ಪಾದರೆ ಆ ಬಾಟಲಿ ಬಳಸೋ ಹಾಗಿಲ್ಲ. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಯಾರೂ ಅದಕ್ಕೆ ಟಿಕ್ ಹಾಕೋಕೂ ಆಗಲ್ಲ. ಎಲೆಕ್ಟ್ರಾನಿಕ್ಸ್ ಬ್ರಾಂಚ್‌ನವರು ದಯವಿಟ್ಟು ಗಮನಿಸಿ.

ಸೋಮವಾರದಿಂದ ಮನೆ ಮನೆ. ಚಿಕ್ಕಮ್ಮ, ಜೊತೆಗೆ ಅಂಗನವಾಡಿ ಟೀಚರ್, ಹಿಂದೆ ನಾವು ಮೂವರು ಬಾಲ. ಪ್ರತಿ ಮನೆಯಲ್ಲೂ ಕೇಳೋದು: ಐದು ವರ್ಷದೊಳಗಿನ ಕೂಸು ಎಷ್ಟು, ಬಿರುಗರ ಮಕ್ಕಳು ಯಾರಾದರೂ ಬಂದಾರೇನು, ನಿನ್ನೆ ಹನಿ ಹಾಕ್ಸೀರೇನು, ಬೆರಳು ತೋರಸ್ರಿ. ಆಮೇಲೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಒಂದು ಅಕ್ಷರ. ಮನೆಯ ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ, ಅಥವಾ ಆ ವಯಸ್ಸಿನ ಮಕ್ಕಳೇ ಇಲ್ಲ ಅಂತ ಕೇಳಿ ಖಾತ್ರಿ ಮಾಡ್ಕೊಂಡಿದ್ದರೆ 'ಪಿ'. ಒಂದು ಕೂಸು ಉಳಿದಿದ್ದರೂ 'ಎಕ್ಸ್'. ನಾಲ್ಕು ಮಕ್ಕಳಲ್ಲಿ ಮೂವರಿಗೆ ಆಗಿದ್ದರೂ ಎಕ್ಸೇ. ಮನೆಗೆ ಬೀಗ ಇದ್ದರೂ ಎಕ್ಸ್. ಎಕ್ಸ್ ಇರುವ ಮನೆಗೆ ಮತ್ತೆ ಹೋಗಲೇಬೇಕು.

ನಾವು ನಾಲ್ಕು ರಾತ್ರಿ ಒದ್ದಾಡಿ ಬರೆದ ಎರಡನೇ ನಿಯಮ, ಕೆಳಗಿಂದ ಮೇಲಿನದು, ಇಲ್ಲಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿತ್ತು. ಇನ್ನೊಂದು ವಿಷಯವೂ ಗಮನಕ್ಕೆ ಬಂತು. ಮೊದಲನೇ ನಿಯಮ, ಮೇಲಿಂದ ಕೆಳಗಿನದು, ಇಲ್ಲಿ ಇರಲೇ ಇಲ್ಲ. ಮಧ್ಯಾಹ್ನ ಚಿಕ್ಕಮ್ಮನ ಹೆಬ್ಬೆರಳು ತಪ್ಪಿ 'ಓಣಿ 1' ಬಾಕ್ಸ್‌ಗೆ ತಾಗಿತು. ಒಂದೇ ಏಟಿಗೆ ಓಣಿಯ ಅಷ್ಟೂ ಮಕ್ಕಳಿಗೆ ಟಿಕ್. ವಾಪಸ್ ಒತ್ತಿದರೆ ಅಷ್ಟೂ ಖಾಲಿ. ಬೆಳಿಗ್ಗೆಯಿಂದ ಹಾಕಿದ ಟಿಕ್‌ಗಳು ಹೋದವು. ಅವರು ಬೈಯಲಿಲ್ಲ. ಡೈರಿ ತೆಗೆದು ನೋಡಿ ಮತ್ತೆ ಒಂದೊಂದೇ ಹಾಕಿದರು. 'ತಮ್ಮಾ, ಓಣಿಗಿ ಯಾರರೆ ಹನಿ ಹಾಕ್ತಾರೇನು? ಕೂಸಿನ ಬಾಯಾಗ ಹಾಕ್ತಾರ' ಅಂದರು ಅಷ್ಟೇ. ಇಮೇಲ್ ಡಿಲೀಟ್ ಮಾಡೋಕೆ 'ಸೆಲೆಕ್ಟ್ ಆಲ್' ಒಳ್ಳೇದು. ನಡೆದು ಹೋಗಿ ಮಾಡುವ ಕೆಲಸಕ್ಕೆ ಅದು ಬೇಡ. ಅಲ್ಲೇ ಜಗಲಿ ಮೇಲೆ ಕೂತು ಓಣಿ ಮತ್ತು ಮನೆ ಬಾಕ್ಸ್‌ಗಳನ್ನು ಒತ್ತೋಕೆ ಆಗದ ಹಾಗೆ ಡಿಸೇಬಲ್ ಮಾಡಿದ್ವಿ. ಅವು ತೋರಿಸಬೇಕು ಅಷ್ಟೇ, ಕೇಳಬಾರದು.

ಆ ಸಂಜೆ ಮನೆಗೆ ಬಂದು ಕಾಲು ತೊಳೆದು, ಚಹಾ ಹಿಡಿದು ಪೇಜ್ ನೋಡಿದರೆ ಎರಡನೇ ಓಣಿಗೆ ಪೂರ್ತಿ ಟಿಕ್. ಮೊದಲನೇ ಓಣಿ ಅಡ್ಡಗೆರೆ, ಮೂರನೇದು ಖಾಲಿ. ನಮಗೆ ಖುಷಿ.

'ಚಿಕ್ಕಮ್ಮ, ಎರಡನೇ ಓಣಿ ಮುಗೀತು ನೋಡ್ರಿ!'

ಅವರು ಫೋನ್ ನೋಡಲೂ ಇಲ್ಲ. 'ಎಲ್ಲಿ ಮುಗದಾದ? ಆ ಕೊನೀ ಮನಿ ಕೀಲಿ ಹಾಕ್ಯಾದಲ್ಲ. ಎಕ್ಸ್ ಬರದು ಬಂದೀನಿ.'

'ಆ ಮನೇಲಿ ಮಕ್ಕಳಿಲ್ವಲ್ಲ ಚಿಕ್ಕಮ್ಮ, ಲಿಸ್ಟಲ್ಲಿ ಯಾರೂ ಇಲ್ಲ.'

'ಇಲ್ಲಂತ ಯಾರು ಹೇಳ್ಯಾರ ನಿಮಗ? ಕೇಳಬೇಕಂದ್ರ ಮನ್ಯಾಗ ಯಾರೂ ಇದ್ದಿಲ್ಲ. ದುಡೀಲಾಕ ಬೆಂಗಳೂರಿಗಿ ಹೋಗ್ಯಾರ. ಇಲ್ಲ ಅಂಬೋದು ಬ್ಯಾರೆ, ಗೊತ್ತಿಲ್ಲ ಅಂಬೋದು ಬ್ಯಾರೆ.'

ನಾವು ಒಬ್ಬರ ಮುಖ ಒಬ್ಬರು ನೋಡಿದ್ವಿ. ಐದನೇ ಗುಂಡಿ. ಆಶೀರ್ವಾದ. ಬೀಗ ಹಾಕಿದ ಮನೆಗೆ ನಾವು ನಂಬರ್ ಮಾತ್ರ ಹಾಕಿದ್ವಿ, ಕೂಸು ಸೇರಿಸಿರಲಿಲ್ಲ. ಖಾಲಿ ಅರೇ. 'ಎಲ್ಲರಿಗೂ ಹನಿ ಆಗಿದೆಯಾ?' ಅಂದರೆ ಜಾವಾಸ್ಕ್ರಿಪ್ಟ್ ತನ್ನ ತರ್ಕದ ಪ್ರಕಾರ 'ಹೂಂ' ಅಂದಿತ್ತು. ಮನೆಗೆ ಟಿಕ್, ಹಾಗಾಗಿ ಓಣಿಗೂ ಟಿಕ್. ಗೋಡೆ ಮೇಲೆ ಎಕ್ಸ್ ಇದ್ದ ಮನೆ ನಮ್ಮ ಸ್ಕ್ರೀನ್ ಮೇಲೆ ಪಿ ಆಗಿತ್ತು.

ರಾತ್ರಿ ಮಾಳಿಗೆ ಮೇಲೆ ಮಲಗಿದ್ವಿ. ಯಾರಿಗೂ ನಿದ್ದೆ ಇಲ್ಲ, ಲ್ಯಾಪ್‌ಟಾಪ್ ಚಾರ್ಜೂ ಇಲ್ಲ. ಆಗ ರಾಮಸಮುದ್ರದವನು ಹೇಳಿದ್ದು ನಮಗೆ ಎರಡು ವರ್ಷದಲ್ಲಿ ಗೊತ್ತಿರಲಿಲ್ಲ. ಅವನು ಸಣ್ಣವನಿದ್ದಾಗ ಅವರ ಮನೆಗೂ ವರ್ಷದಲ್ಲಿ ಐದಾರು ತಿಂಗಳು ಬೀಗ. ಅಪ್ಪ ಅಮ್ಮ ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಹೋದರೆ ಇವನೂ ಜೊತೆ. ತಗಡಿನ ಶೆಡ್, ಮರಳಿನ ಗುಡ್ಡೆ ಮೇಲೆ ಆಟ. ಊರಿಗೆ ವಾಪಸ್ ಬಂದಾಗ ಬಾಗಿಲ ಪಕ್ಕ ಎಕ್ಸ್ ಇರುತ್ತಿತ್ತು. ಅವನಿಗೆ ಓದೋಕೆ ಬರೋಕೆ ಮುಂಚೆ ಗೊತ್ತಿದ್ದ ಒಂದೇ ಇಂಗ್ಲಿಷ್ ಅಕ್ಷರ ಅದಂತೆ. ಮನೆ ಎಲ್ಲಿ ಅಂತ ಕೇಳಿದರೆ 'ಎಕ್ಸ್ ಬರದಿದ್ದ ಮನಿ' ಅಂತಿದ್ದ. ಆಮೇಲೆ ಚಿಕ್ಕಮ್ಮ ತಮ್ಮ ಹತ್ತಿರ ಇಟ್ಕೊಂಡು, ಯಾದಗಿರಿಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಬಸ್ ಹತ್ತಿಸಿದರು. 'ನಮ್ಮ ಪೇಜ್ ಆಗ ಇದ್ದಿದ್ರೆ ನಾನು ಟಿಕ್ ಆಗಿರ್ತಿದ್ದೆ' ಅಂದ. ನಗ್ತಾನೇ ಅಂದ. ಬೆಂಗಳೂರಿನವನು ಅವತ್ತು ತುಂಬಾ ಹೊತ್ತು ಮಾತಾಡಲಿಲ್ಲ. ಅವನ ಅಪಾರ್ಟ್‌ಮೆಂಟ್ ಕಟ್ಟುವಾಗ ಗೇಟಿನ ಪಕ್ಕ ಅಂಥ ಶೆಡ್‌ಗಳಿದ್ದವಂತೆ. ಒಳಗೆ ಯಾವ ಊರಿನವರಿದ್ದರು ಅಂತ ಅವನು ಯಾವತ್ತೂ ಕೇಳಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಚಿಕ್ಕಮ್ಮ ಮೂರನೇ ಓಣಿಗೆ ಹೋಗುವ ಮೊದಲು ಎರಡನೇ ಓಣಿಗೇ ತಿರುಗಿದರು. ಕೊನೇ ಮನೆ ಬಾಗಿಲು ತೆರೆದಿತ್ತು. ನೆಂಟರ ಮನೆಯ ಕಾರ್ಯಕ್ಕೆ ಅಂತ ರಾತ್ರಿ ರೈಲಿಗೆ ಬಂದಿದ್ದರು, ಎರಡು ದಿನ ಬಿಟ್ಟು ಮತ್ತೆ ಹೊರಡುವವರು. ಅಂಗಳದಲ್ಲಿ ಎರಡು ವರ್ಷದ ಒಂದು ಹುಡುಗಿ ಚಪ್ಪಲಿ ಅದಲು ಬದಲು ಹಾಕ್ಕೊಂಡು ನಿಂತಿದ್ದಳು. ಕಿರುಬೆರಳಿನ ಉಗುರು ಬಿಳಿ. ಭಾನುವಾರ ಬೆಂಗಳೂರಲ್ಲಿ ಯಾರಾದರೂ ಹಾಕಿದರೇನು ಅಂದರೆ ಅವಳಮ್ಮ ಇಲ್ಲ ಅಂದರು. ಕೆಲಸದ ಕಡೆ ಯಾರೂ ಬಂದಿರಲಿಲ್ಲ, ಬೂತ್ ಎಲ್ಲಿದೆ ಅಂತ ಅವರಿಗೆ ತಿಳಿದಿರಲಿಲ್ಲ.

ಎರಡು ಹನಿ. ಹುಡುಗಿ ಮುಖ ಕಿವುಚಿ, ಅಳಬೇಕೋ ಬೇಡವೋ ಅಂತ ಯೋಚನೆ ಮಾಡಿ, ಬೇಡ ಅಂತ ತೀರ್ಮಾನ ಮಾಡಿದಳು. ಉಗುರಿಗೆ ಮಾರ್ಕರ್. ಚಿಕ್ಕಮ್ಮ ಗೋಡೆ ಮೇಲಿನ ಎಕ್ಸ್ ಅಳಿಸಿ ಪಿ ಬರೆದರು. ಆಮೇಲೆ ನಮ್ಮ ಕಡೆ ತಿರುಗಿ, 'ನಿಮ್ಮ ಫೋನ್ ಆಗ್ಯಾದ ಅಂತು, ಬಾಗಲ ಆಗಿಲ್ಲ ಅಂತು. ನಾ ಬಾಗಲ ಮಾತು ಕೇಳ್ದೆ' ಅಂದರು.

ಒಂದು ಮಗುವಿಗೆ ಒಂದು ಸುತ್ತಿನ ಹನಿ ತಪ್ಪಿದ್ದರೆ ಏನಾಗ್ತಿತ್ತು? ಬಹುಶಃ ಏನೂ ಆಗ್ತಿರಲಿಲ್ಲ. ಆದರೆ ಈ ಕೆಲಸ ಇಡೀ ನಿಂತಿರೋದೇ ಆ 'ಬಹುಶಃ'ವನ್ನು ಒಪ್ಪದೇ ಇರುವುದರ ಮೇಲೆ. ನಮಗೆ ಚುಚ್ಚಿದ್ದು ಇನ್ನೊಂದು ಮಾತು. ನಮ್ಮ ಬಗ್ ಸುಮ್ಮನೆ ಯಾವುದೋ ಮನೆಗೆ ಬಿದ್ದದ್ದಲ್ಲ. ಮನೆಯಲ್ಲಿ ಇದ್ದವರ ಲೆಕ್ಕ ಅದು ಸರಿಯಾಗೇ ತೋರಿಸಿತ್ತು. ತಪ್ಪಿದ್ದು ಊರು ಬಿಟ್ಟು ದುಡಿಯೋಕೆ ಹೋದವರ ಮನೆಯಲ್ಲಿ ಮಾತ್ರ. ಯಾರ ಬಗ್ಗೆ ಮಾಹಿತಿ ಇಲ್ಲವೋ ಅವರದ್ದೇ ಕೆಲಸ ಪೂರ್ತಿ ಆಯ್ತು ಅಂತ ಅದು ಹೇಳುತ್ತಿತ್ತು. ಟೆಸ್ಟ್ ಮಾಡುವಾಗ ನಾವು ತುಂಬಿದ ಪಟ್ಟಿಗಳನ್ನೇ ಕೊಟ್ಟು ನೋಡಿದ್ವಿ. ಖಾಲಿ ಪಟ್ಟಿ ಕಣ್ಣಿಗೆ ಬಿದ್ದಾಗ ನಕ್ಕಿದ್ವಿ.

ಸರಿ ಮಾಡಿದ್ದು ಹೇಗೆ? ಮೊದಲು ಸುಲಭದ ದಾರಿ ನೋಡಿದ್ವಿ: ಮಕ್ಕಳ ಸಂಖ್ಯೆ ಸೊನ್ನೆ ಇದ್ದರೆ ಟಿಕ್ ಹಾಕಬೇಡ ಅಂತ ಒಂದು ಇಫ್. ಆದರೆ ಆಗ ನಿಜವಾಗಿಯೂ ಮಕ್ಕಳಿಲ್ಲದ ಮನೆಗಳು, ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಗಳು, ಯಾವತ್ತೂ ಮುಗಿಯಲ್ಲ. ಓಣಿ ಯಾವತ್ತೂ ಅಡ್ಡಗೆರೆ. ಗೋಡೆಯ ನಿಯಮದಲ್ಲಿ ಅಂಥ ಮನೆಗೂ ಪಿ ಇದೆ, ಕೇಳಿ ಖಾತ್ರಿ ಮಾಡ್ಕೊಂಡಿದ್ದರೆ. ಆ 'ಕೇಳಿ' ಅನ್ನುವ ಪದವೇ ನಮ್ಮ ಮರದಲ್ಲಿ ಇರಲಿಲ್ಲ. ಅದನ್ನೇ ಒಂದು ಎಲೆ ಮಾಡಿದ್ವಿ. ಈಗ ಪ್ರತಿ ಮನೆಯ ಕೆಳಗೆ ಮೊದಲ ಬಾಕ್ಸ್: 'ಮನೆಯಲ್ಲಿ ಕೇಳಿದ್ದಾಯ್ತು'. ಅದರ ಕೆಳಗೆ ಕೂಸು ಒಂದು, ಕೂಸು ಎರಡು.

ಲೆಕ್ಕ ಹಾಕಿ ನೋಡಿ. ಮಕ್ಕಳಿಲ್ಲದ ಮನೆ, ಕೇಳಿದ್ದಾಯ್ತು: ಇರುವ ಒಂದೇ ಎಲೆಗೆ ಟಿಕ್, ಮನೆಗೆ ಟಿಕ್. ಬೀಗ ಹಾಕಿದ ಮನೆ: ಕೇಳಿಲ್ಲ, ಮನೆ ಖಾಲಿ, ಹಾಗಾಗಿ ಓಣಿಗೆ ಅಡ್ಡಗೆರೆ. ಕೇಳಿದ್ದಾಯ್ತು ಆದರೆ ಒಂದು ಕೂಸು ಅಜ್ಜಿ ಊರಿಗೆ ಹೋಗಿದೆ: ಮನೆಗೇ ಅಡ್ಡಗೆರೆ. ಎವ್ರಿ ಮೆಥಡ್ ಹಾಗೇ ಇದೆ, ತರ್ಕಶಾಸ್ತ್ರಕ್ಕೂ ಅವಮಾನ ಮಾಡಿಲ್ಲ. ಯಾವ ಪಟ್ಟಿಯೂ ಖಾಲಿ ಇರದ ಹಾಗೆ ಮಾಡಿದ್ದಷ್ಟೇ. ಚಿಕ್ಕಮ್ಮನಿಗೆ ತೋರಿಸಿದಾಗ, 'ಹ್ಞಾಂ, ಈಗ ನಮ್ಮ ಗ್ವಾಡಿ ಹಂಗಾತು' ಅಂದರು. ನಾವು ಕಾಲೇಜಲ್ಲಿ ಪಡೆದ ಯಾವ ಗ್ರೇಡ್‌ಗಿಂತಲೂ ಅದು ಚೆನ್ನಾಗಿತ್ತು.

ಇನ್ನೂ ಒಂದು ಸಣ್ಣ ಮಾತು. ಅಡ್ಡಗೆರೆಯನ್ನು ಸಿಎಸ್‌ಎಸ್‌ನಲ್ಲಿ ತಿಳಿ ಬೂದು ಬಣ್ಣ ಮಾಡಿ ಚಂದ ಕಾಣೋ ಹಾಗೆ ಇಟ್ಟಿದ್ವಿ. ಬಿಸಿಲಲ್ಲಿ ಅದು ಖಾಲಿ ಬಾಕ್ಸ್‌ನ ಥರವೇ ಕಾಣುತ್ತೆ. ಈಗ ಕಡು ಕಿತ್ತಳೆ, ಪಕ್ಕದಲ್ಲಿ 'ಇನ್ನೂ 3' ಅಂತ ಅಂಕಿ. ಡಾರ್ಕ್ ಮೋಡ್ ಕೂಡ ತೆಗೆದ್ವಿ, ಮಧ್ಯಾಹ್ನದ ಬಿಸಿಲಿಗೆ ಅದರಿಂದ ಉಪಯೋಗ ಇಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಈ ಬಾಕ್ಸ್ ಅರ್ಧಂಬರ್ಧ ಇದೆ ಅಂತ ತನ್ನದೇ ಪದದಲ್ಲಿ ಓದಿ ಹೇಳುತ್ತೆ, ಅಸಲಿ ಚೆಕ್‌ಬಾಕ್ಸ್ ಬಳಸಿದ್ದರೆ. ಡಿವ್ ಮೇಲೆ ಟಿಕ್ ಚಿತ್ರ ಅಂಟಿಸಿದ್ದರೆ ಅದನ್ನು ನೀವೇ ಏರಿಯಾ ಆಟ್ರಿಬ್ಯೂಟ್‌ನಲ್ಲಿ ಬರೆಯಬೇಕು. ನಾವು ಶುರುವಿನಲ್ಲಿ ಡಿವ್ ಅಂಟಿಸಿದ್ದವರೇ.

ಚಿಕ್ಕಮ್ಮ ಈಗಲೂ ರಿಜಿಸ್ಟರ್ ಬಿಟ್ಟಿಲ್ಲ. ಬಿಡಬೇಡಿ ಅಂತ ನಾವೇ ಹೇಳಿದ್ದೇವೆ. ರಾತ್ರಿ ಎಣಿಸುವಾಗ ತಾಳೆ ನೋಡೋಕೆ ಮಾತ್ರ ಪೇಜ್ ತೆಗೀತಾರಂತೆ. ಎರಡೂ ಒಂದೇ ಹೇಳಿದರೆ ಮಲಗ್ತಾರೆ, ಬೇರೆ ಬೇರೆ ಹೇಳಿದರೆ ಬೆಳಿಗ್ಗೆ ಹೋಗಿ ಬಾಗಿಲು ನೋಡ್ತಾರೆ.

ಹಾಸ್ಟೆಲ್‌ಗೆ ಬಂದ ಮೇಲೆ ಓದುವ ಪಟ್ಟಿಗೂ ಅದೇ ತಿದ್ದುಪಡಿ ಹಾಕಿದ್ವಿ. ಪ್ರತಿ ಸಬ್ಜೆಕ್ಟ್ ಕೆಳಗೆ ಮೊದಲ ಬಾಕ್ಸ್ 'ಸಿಲಬಸ್ ತೆಗೆದು ನೋಡಿದ್ದಾಯ್ತು'. ಆ ಆಶೀರ್ವಾದದ ಸಬ್ಜೆಕ್ಟ್‌ನ ಟಿಕ್ ತಕ್ಷಣ ಮಾಯ. ಇವತ್ತು ಸಂಜೆ ಅದರ ಸಿಲಬಸ್ ತೆಗೆದಿದ್ದೇವೆ. ಈಗ ಅದರ ಮುಂದೆ ಕಿತ್ತಳೆ ಬಣ್ಣದ ಒಂದು ಅಡ್ಡಗೆರೆ ಇದೆ, ಪಕ್ಕದಲ್ಲಿ 'ಇನ್ನೂ 41'. ಓದೋಕೆ ಹೋಗ್ತೀವಿ.